ಏಳು ಮತ್ತು ಎಂಟು

ಬಾಗಿಲ ಹಿಂದೆ ಅಂಟಿಸಿದ ಕಾಗದದಲ್ಲಿ
ಅರಬ್ಬಿ ಮೇಲೆ, ಇಂಗ್ಲಿಷು ನಡುವೆ, ಹಿಂದಿ ತಳದಲ್ಲಿ.
ಓದಿ ಹೇಳು ಅಂದ ಯಮನೂರಸಾಬ.
ಹಿಂದಿಯ ಬಾಲ ಹಿಡಿದು ಕನ್ನಡಕ್ಕೆ ಎಳೆದು ತಂದೆ:
ಒಂದು ಕ್ಯಾಬಿನ್ನಿಗೆ ಆರು ಜನ, ಮೇಲೊಬ್ಬನೂ ಇಲ್ಲ.
ಮಂಚ ಮಂಚದ ನಡುವೆ ಒಬ್ಬ ನಡೆಯುವಷ್ಟು ದಾರಿ.
ಏಸಿ ಕೆಟ್ಟರೆ ಒಂದು ದಿನದೊಳಗೆ ರಿಪೇರಿ.
ನೀರಿನ ಟ್ಯಾಂಕು ತಿಂಗಳಿಗೊಮ್ಮೆ ತೊಳೆದು
ತಾರೀಖು ಬರೆಯತಕ್ಕದ್ದು.
ಬಯಲಾಟದಲ್ಲಿ ಅರಮನೆಯ ವರ್ಣನೆ ಕೇಳುವವನ ಹಾಗೆ
ಕಣ್ಣು ಮುಚ್ಚಿ ಕೇಳಿದ ಯಮನೂರ.
"ಭಾಳ ಚಂದ ಐತಿ," ಅಂದ, "ಯಾರ ಮನಿ ಇದು?"

ನಾನು ಶಟರಿಂಗ್ ಬಡಿಗ, ಟೇಪು ಸೊಂಟದಲ್ಲೇ ಇರುತ್ತದೆ.
ಆ ರಾತ್ರಿ ಅಳೆದೆ, ಉಳಿದವರು ನಗುತ್ತಿದ್ದರೂ.
ಉದ್ದ ಇಪ್ಪತ್ತಡಿ, ಅಗಲ ಹತ್ತಕ್ಕೆ ಎರಡಿಂಚು ಕಡಿಮೆ.
ನಾಲ್ಕು ಮಂಚ, ಕೆಳಗೊಬ್ಬ, ಮೇಲೊಬ್ಬ.
ನನ್ನ ಮೂಗಿಗೂ ಚಾವಣಿ ತಗಡಿಗೂ ಹದಿನೇಳು ಇಂಚು.
ತೊಲೆಯೊಳಗಿನ ಕಬ್ಬಿಣಕ್ಕೆ ಸುತ್ತ ಕವರ್ ಬಿಡದಿದ್ದರೆ
ಇಂಜಿನಿಯರು ಒಡೆಸಿ ಹಾಕುತ್ತಾನೆ.

ಬುಧವಾರ ತಪಾಸಣೆ ಎಂದು ಸೋಮವಾರವೇ ತಿಳಿಯಿತು:
ಸೋಮವಾರ ಟ್ಯಾಂಕು ತೊಳೆದರು,
ಮೂರು ತಿಂಗಳ ತಾರೀಖು ಒಂದೇ ಬಣ್ಣದಲ್ಲಿ ಅದ್ದಿ ಬರೆದರು.
ಸಂಜೆ ಬಂದ ಕ್ಯಾಂಪ್ ಬಾಸು,
ಕುಂದಾಪುರ ಕಡೆಯ ದಾಮೋದರ ಶೇರೆಗಾರ.
ಬಂಗಾಳಿಗಳ ಹತ್ತಿರ ಹಿಂದಿ,
ಸುಡಾನಿನವನ ಹತ್ತಿರ ಕೈಸನ್ನೆ,
ಕನ್ನಡ ನಮ್ಮಿಬ್ಬರಿಗೇ ಮೀಸಲು.
"ನೀವ್ ನಮ್ಮೋರಲ್ದಾ, ಒಂದ್ ದಿನ ಸುಧಾರ್ಸ್ಕಣಿ ಮಾರಾಯ್ರೆ."

ಸುಧಾರಿಸುವುದೆಂದರೆ
ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತುವುದು.
ಎಲ್ಲ ಕ್ಯಾಬಿನ್ನುಗಳ ಏಳನೆಯವರು, ಎಂಟನೆಯವರು,
ಒಟ್ಟು ನಲವತ್ತೆರಡು ಮಂದಿ.
ಎಲ್ಲಿಗೆ ಎಂದು ಡ್ರೈವರನಿಗೆ ಹೇಳಿರಲಿಲ್ಲ,
ಎಷ್ಟು ಹೊತ್ತು ಎಂದಷ್ಟೇ ಹೇಳಿದ್ದರು.
ಸೋಹಾರ್ ದಾಟಿ ಸಹಮ್ ಮುಟ್ಟಿ
ಮೀನುದೋಣಿಗಳ ಪಕ್ಕ ನಿಲ್ಲಿಸಿದ.
ಎರಡು ವರ್ಷ ಸಮುದ್ರದಿಂದ ಆರೇ ಕಿಲೋಮೀಟರಿನಲ್ಲಿ ಮಲಗಿದವನು
ಅವತ್ತು ಅದನ್ನು ನೋಡಿದೆ.
ಪ್ಯಾಂಟು ಮಡಚಿ ನೀರಿಗಿಳಿದ ಯಮನೂರ:
"ಕಾಯ್ದೆ ನಮ್ಮನ್ನ ಟ್ರಿಪ್ಪಿಗೆ ಕಳಿಸೇತಿ ನೋಡೋ."
ಬಲೆ ಹೊಲಿಯುತ್ತಿದ್ದ ಮುದುಕ ಖರ್ಜೂರ ಕೊಟ್ಟು
ರಜೆಯಾ ಎಂದು ಕೇಳಿದ.
ಹೌದು ಅಂದೆವು.

ಉಳಿದದ್ದು ಕೇಳಿದ ಮಾತು.
ಬಂದವಳು ಎಳೆ ವಯಸ್ಸಿನ ಅಧಿಕಾರಿ, ಕೈಯಲ್ಲಿ ಅವಳದೇ ಟೇಪು.
ಸುತ್ತಿಟ್ಟ ಎರಡು ಹಾಸಿಗೆ ಅಡುಗೆಮನೆ ಹಿಂದೆ ಅಡಗಿದ್ದವು.
ಆರು ಎಣಿಸಿದಳು, ಬರೆದುಕೊಂಡಳು,
ಬಾಗಿಲವರೆಗೆ ಹೋದವಳು ತಿರುಗಿ ಬಂದಳು.
ಬಚ್ಚಲ ಹಲಗೆಯ ಮೇಲೆ
ಎಂಟು ಹಲ್ಲಿನ ಬ್ರಷ್ಷು.
ಶೇರೆಗಾರ ಏನೋ ಹೇಳಿ ನಕ್ಕನಂತೆ.
ಅವಳು ಒಂದೊಂದನ್ನೇ ಬೆರಳಿಂದ ಮುಟ್ಟಿದಳಂತೆ.
ಎಂಟೂ ಒದ್ದೆ.

ದಂಡ ಬಿತ್ತು. ಬಾಗಿಲಿಗೆ ಹಳದಿ ಚೀಟಿ ಬಂತು: ಆರು.
ಒಳಗಿನ ಆರು ಜನ ಈಗ ಕೈಕಾಲು ಚಾಚಿ ಮಲಗುತ್ತಾರೆ,
ಅವರ ಏಸಿ ಒಂದೇ ದಿನದಲ್ಲಿ ರಿಪೇರಿಯಾಯಿತು, ಸುಳ್ಳಲ್ಲ.

ನಮ್ಮನ್ನು ಬೇಲಿಯಾಚೆ ಹಾಕಿದ್ದಾರೆ,
ನಂಬರು ಬರೆಯದ ಕ್ಯಾಬಿನ್ನಿಗೆ.
ಜನರೇಟರು ರಾತ್ರಿ ಮಾತ್ರ.
ನಂಬರಿಲ್ಲ, ಹಾಗಾಗಿ ಕಾಗದವೂ ಇಲ್ಲ.
ಎಣಿಸಿದೆ, ಒಂಬತ್ತು ಮಂದಿ.

ಪ್ಲೈವುಡ್ ತುಂಡಿನ ಮೇಲೆ ಬಡಿಗನ ಪೆನ್ಸಿಲಿನಲ್ಲಿ
ನೆನಪಿದ್ದಷ್ಟನ್ನೂ ಕನ್ನಡದಲ್ಲಿ ಬರೆದು
ಬಾಗಿಲ ಹಿಂದೆ ಮೊಳೆ ಹೊಡೆದೆ.
ತಳದಲ್ಲಿ ದೂರಿನ ಫೋನ್ ನಂಬರು,
ಕೊನೆಯ ಎರಡಂಕಿ ನೆನಪಾಗಲಿಲ್ಲ.

ಯಮನೂರ ತನ್ನ ಕೆಲಸ ತಾನು ಮಾಡಿದ.
ಒಂಬತ್ತು ಬ್ರಷ್ಷನ್ನೂ ಕಿಟಕಿಯಲ್ಲಿ
ರಸ್ತೆಗೆ ಕಾಣುವ ಹಾಗೆ ನಿಲ್ಲಿಸಿದ್ದಾನೆ,
ಕೆಲಸಕ್ಕೆ ಹೊರಡುವ ಮುಂಚೆ
ಸಸಿಗೆ ಚಿಮುಕಿಸಿದಂತೆ ನೀರು ಚಿಮುಕಿಸುತ್ತಾನೆ.
ಈ ಬಿಸಿಲಿಗೆ ಬೇಗ ಒಣಗಿಬಿಡುತ್ತವೆ.